ದೀಪದ ಕಡೆಯ ಬಾದಾಮಿ ಎಲೆಗಳು

ನನ್ನ ಸಹೋದ್ಯೋಗಿ ದೇಸಾಯರ ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆಗೆ ಸದಾ ಕೆಂಪು ದಾರದ ಉಂಡೆಯೊಂದು ಇರುತ್ತಿತ್ತು. ಎಂಬತ್ತರ ದಶಕದ ಕೊನೆಯಲ್ಲಿ, ವಿಶಾಖಪಟ್ಟಣದ ದ್ವಾರಕಾ ನಗರದ ನಮ್ಮ ಬ್ಯಾಂಕಿನ ಅಂಗಳದಲ್ಲಿ ಒಂದು ಕಾಡುಬಾದಾಮಿ ಮರವಿತ್ತು. ಊಟದ ಬಿಡುವಿನಲ್ಲಿ ಅವರು ಸ್ಟೂಲು ಹತ್ತಿ ಅದರ ಎಲೆಗಳ ತೊಟ್ಟಿಗೆ ದಾರ ಕಟ್ಟುತ್ತಿದ್ದರು. ಚಳಿ ಶುರುವಾದಾಗ ಯಾವ ಎಲೆ ಮೊದಲು ಕೆಂಪಾಗುತ್ತದೆ, ಯಾವುದು ಉದುರದೆ ನಿಲ್ಲುತ್ತದೆ ಎಂದು ಬರೆದಿಡುವ ಹುಚ್ಚು.

"ಸಮುದ್ರದ ಗಾಳಿ ಬಡಿಯೋ ಮಗ್ಗಲದ ಎಲಿ ಲಗೂನ ಕೆಂಪಾಗ್ತಾವ ನೋಡ್ರಿ. ಬೀದಿ ದೀಪದ ಮಗ್ಗಲದವು ಹಸರ ಬಿಡಂಗಿಲ್ಲ. ಹಗಲು ಸಣ್ಣದಾಗಿದ್ದು ಅವಕ್ಕ ಗೊತ್ತಽ ಆಗಂಗಿಲ್ಲ" ಎನ್ನುತ್ತಿದ್ದರು.

ಧಾರವಾಡದ ಈ ಮನುಷ್ಯ ಓದಿದ್ದು ಕಾಮರ್ಸ್. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿದವನು ನಾನು! ದಿನವೂ ಅದೇ ಮರದ ಕೆಳಗೆ ಸ್ಕೂಟರು ನಿಲ್ಲಿಸುತ್ತಿದ್ದೆ. ದೀಪದ ಕಡೆಯ ಹಸಿರು ನನ್ನ ಕಣ್ಣಿಗೆ ಬೀಳಲಿಲ್ಲ, ಅವರ ಕಣ್ಣಿಗೆ ಬಿತ್ತು. ನಮ್ಮ ಜವಾನ ಅಪ್ಪಾರಾವ್ ಅವರನ್ನು 'ಆಕುಲ ಸಾರ್' ಅನ್ನುತ್ತಿದ್ದ, ಎಲೆಗಳ ಸಾಹೇಬರು ಅಂತ. ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಆ ಹೆಸರು ನನಗೆ ಸಲ್ಲಬೇಕಾಗಿತ್ತು.

ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿ ಪಟಮಟದ ಬಾಡಿಗೆ ಮನೆಯ ಮುಂದೆಯೂ ಬಾದಾಮಿ ಮರವಿದೆ, ಆದರೆ ಹತ್ತಿರ ದೀಪವಿಲ್ಲ, ಸಮುದ್ರದ ಗಾಳಿಯಿಲ್ಲ ಎಂದು ಹಿಗ್ಗಿದರು. "ಎರಡೂ ಹೋಲಿಸಿ ನೋಡೂಣು. ಇಲ್ಲಿ ದಾರ ಕಟ್ಟಿಟ್ಟೀನಿ, ವಾರಕ್ಕೊಂದು ಕಾರ್ಡ್ ಬರೀರಿ. ಬಾಟನಿ ಓದಿದವ್ರು ನೀವು, ನಿಮ್ಮ ಕಣ್ಣು ತಪ್ಪಂಗಿಲ್ಲ."

ಬರೆದೆ. ಜನವರಿಯಲ್ಲಿ ಗಾಳಿಯ ಕಡೆಯ ಕೊಂಬೆಗಳು ಬೋಳಾಗಿದ್ದವು. ದೀಪದ ಕಡೆ ದಾರ ಕಟ್ಟಿದ ಎಲೆಗಳು ಹಸಿರಾಗಿಯೇ ಇದ್ದವು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕಾರ್ಡಿನಲ್ಲಿ ನಾನು ಬರೆದದ್ದು: "ಎರಡೂ ಕಡೆ ಒಟ್ಟಿಗೇ ಉದುರಿದವು. ವ್ಯತ್ಯಾಸ ಕಾಣಲಿಲ್ಲ." ಅದನ್ನು ಅಂಚೆ ಡಬ್ಬಿಗೆ ಹಾಕಿದಾಗ ಖುಷಿಯಾಯಿತು. ಈಗ ಮುಚ್ಚಿಟ್ಟು ಏನು ಪ್ರಯೋಜನ?

ಮರುವರ್ಷ ನಾನು ತರಬೇತಿಗೆಂದು ವಿಜಯವಾಡಕ್ಕೆ ಹೋದಾಗ ದೇಸಾಯರು ಮನೆಗೆ ಕರೆದು ಪೆಸರಟ್ಟು ದೋಸೆ ಹಾಕಿಸಿದರು. ನೋಟ್‌ಬುಕ್ ತಂದು ತೋರಿಸಿದರು. ದೀಪದ ವಿಷಯವಿದ್ದ ಪುಟಗಳಿಗೆಲ್ಲ ಸ್ಕೇಲಿಟ್ಟು ಅಡ್ಡಗೆರೆ ಎಳೆದಿದ್ದರು.

"ಮೂರು ವರ್ಷ ನಾನಽ ತಪ್ಪು ನೋಡಿದ್ದೆ ಕಾಣಸ್ತದ. ನೀವು ತಿದ್ದಿದ್ರಿ. ಚಾಲಾ ಥ್ಯಾಂಕ್ಸಂಡಿ" ಎಂದು ತೆಲುಗು ಬೆರೆಸಿ ನಕ್ಕರು.

"ಇಲ್ಲಿಯ ಮರ?"

"ಬಿಟ್ಟೆನ್ರಿ. ತಿಳೀದವ್ರ ಕೆಲಸಲ್ಲ ಅದು."

ಅವರ ಜೇಬಿನಲ್ಲಿ ಪೆನ್ನು ಮಾತ್ರ ಇತ್ತು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ತಟ್ಟೆಗೆ ಇನ್ನೊಂದು ಪೆಸರಟ್ಟು ಬಿತ್ತು. ತಿಂದು ಎದ್ದು ಬಂದೆ.

ಬೇಸಿಗೆಯಲ್ಲಿ ಅವರ ಹೆಂಡತಿಯ ಕಾರ್ಡು ಬಂತು. ದೇಸಾಯರು ಹೃದಯಾಘಾತದಿಂದ ಹೋಗಿಬಿಟ್ಟಿದ್ದರು.

ಆ ಚಳಿಗಾಲ ನಾನೇ ಕೆಂಪು ದಾರ ಕೊಂಡು ತಂದು ಸ್ಟೂಲು ಹತ್ತಿದೆ. ದೀಪದ ಕಡೆಯ ಎಲೆಗಳು ಹಚ್ಚಗೆ ಹಸಿರಾಗಿದ್ದವು. ಅದನ್ನು ಬರೆದು ತಿಳಿಸಲು ಅವರಿರಲಿಲ್ಲ. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಅಪ್ಪಾರಾವ್, "ಜಾಗ್ರತ್ತ, ಆಕುಲ ಸಾರ್" ಎಂದ.