ಗಾಲಿಯ ಒಣ ಕೊಳ

ಅವನಿಗೆ ಹೆತ್ತವರು ಇಟ್ಟ ಹೆಸರು ಕಾಗದಪತ್ರದಲ್ಲಷ್ಟೇ ಉಳಿದಿತ್ತು. ಎಲ್ಲರ ಬಾಯಿಗೆ ಬಂದದ್ದು ಗಾಲಿ. ವಯಸ್ಸು ಮೂವತ್ತರ ಹತ್ತಿರ, ಹೊಟ್ಟೆಪಾಡಿಗೆ ಗಾರೆ ಕೆಲಸ, ಕಂಕುಳಲ್ಲಿ ಸದಾ ಒಂದು ಸ್ಕೇಟ್‌ಬೋರ್ಡು. ಮದುವೆಯ ಮಾತೆತ್ತಿದರೆ ಅದರ ಗಾಲಿ ತಿರುಗಿಸುತ್ತ ಕೂರುವನು. "ಇವನಿಗೆ ಹೆಣ್ಣು ಕೊಡೋರು ಆ ಹಲಗೆಗೂ ಒಂದು ತಟ್ಟೆ ಇಡ್ಬೇಕಾಗುತ್ತೆ" ಎಂದು ಅಕ್ಕ ಗೊಣಗುವಳು.

ಅಕ್ಕನ ಮನೆಯೆಂದರೆ ಒಂದೇ ಕೋಣೆ. ಕಿಟಕಿಯ ಪಕ್ಕ ಅವಳ ಹೊಲಿಗೆ ಮಿಷನ್ನು, ಅದರ ಕಾಲ ಬುಡದಲ್ಲಿ ಇವನ ಚಾಪೆ. ರಾತ್ರಿಪಾಳಿಯ ಭಾವ ಹಗಲು ಮಲಗುವುದರಿಂದ ಮಂಚ ಯಾವಾಗಲೂ ಭರ್ತಿ. ಸಮುದ್ರದ ಊರು ನೋಡಿ, ಗಾಳಿಯಲ್ಲೇ ಉಪ್ಪು! ಕತ್ತರಿ, ಚಿಲಕ, ಸೂಜಿ, ಏನಿಟ್ಟರೂ ತುಕ್ಕು. ಇನ್ನು ಬೋರ್ಡಿನ ಬೇರಿಂಗನ್ನು ಬಿಡುತ್ತದೆಯೇ? ಹೊಸದು ತರೋಣವೆಂದರೆ ಆ ದುಡ್ಡಿಗೆ ಮನೆಗೆ ಗ್ಯಾಸು ಬರುತ್ತದೆ. ಹಾಗಾಗಿ ಗಾಲಿ ಆ ಹಳೇ ಬೇರಿಂಗನ್ನೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹರಿದ ಬನಿಯನ್ನಿನಲ್ಲಿ ಒರೆಸಿ, ಅಕ್ಕ ನಲ್ಲಿಗೆ ಹೋದದ್ದು ನೋಡಿಕೊಂಡು ಅವಳ ಮಿಷನ್ ಎಣ್ಣೆಯ ಬುಡ್ಡಿಯಿಂದ ಒಂದೊಂದೇ ತೊಟ್ಟು ಬಿಡುವನು. ಅಕ್ಕನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬೇಕೆಂದೇ ನಲ್ಲಿಯ ಹತ್ತಿರ ನಾಲ್ಕು ಮಾತು ಹೆಚ್ಚಾಗಿ ಆಡಿ ಬರುವಳು.

ಬೂಟಿನ ಅಡಿ ತೂತಾದರೆ ಸೈಕಲ್ ಟ್ಯೂಬಿನ ತುಂಡು, ಹಲಗೆ ಬಿರುಕು ಬಿಟ್ಟರೆ ಮರಗೆಲಸದವರು ಬಿಸಾಡಿದ ಅಂಟು. ಕೆಲಸಕ್ಕೆ ಬೋರ್ಡಿನ ಮೇಲೇ ಹೋಗುವುದರಿಂದ ಬಸ್ಸಿನ ಖರ್ಚಿಲ್ಲ. ಹೀಗೆ ಹೊಟ್ಟೆಬಟ್ಟೆ ಕಟ್ಟಿ ಸಾಕಿದ ಬೋರ್ಡನ್ನು ಓಡಿಸುವುದೆಲ್ಲಿ ಎಂಬುದೇ ಕಷ್ಟ. ಕಡಲದಂಡೆಯ ರಸ್ತೆ ನುಣುಪಾಗಿದೆ, ಆದರೆ ಗಾರ್ಡುಗಳು ಸೀಟಿ ಊದಿಕೊಂಡು ಅಟ್ಟಿಸಿಕೊಂಡು ಬರುತ್ತಾರೆ. ಸ್ಕೇಟಿಂಗ್ ಪಾರ್ಕೂ ಇದೆ, ಕಾಸಿದ್ದವರಿಗೆ. ಉಳಿದ ಫುಟ್‌ಪಾತಿನ ಮೇಲೆ ಮನುಷ್ಯರೇ ನಡೆಯಲಾರರು, ಗಾಲಿ ಉರುಳೀತೇ?

ಅಂಥವನಿಗೆ ಸಿಕ್ಕಿದ್ದು ಬಾಗಿಲು ಮುಚ್ಚಿದ ಒಂದು ಲಾಡ್ಜಿನ ಹಿಂದಿದ್ದ ಈಜುಕೊಳ. ಎಷ್ಟು ನೀರು ತುಂಬಿಸಿದರೂ ಸೋರಿ ಪಕ್ಕದವರ ಗೋಡೆ ನೆನೆದು, ಜಗಳವಾಗಿ, ಹಳೇ ಯಜಮಾನರು ಬೇಸತ್ತು ಬೀಗ ಜಡಿದಿದ್ದರು. ಕಾವಲಿಗೆ ಒಬ್ಬ ತಾತನಿದ್ದ. ಅಂಗಳ ಗುಡಿಸಿ ಹೋಗುವುದಾದರೆ ಒಳಗೆ ಬಿಡುತ್ತೇನೆಂದ. ಗಾಲಿ, ಅವನಂತೆಯೇ ಬೋರ್ಡಿನ ಹುಚ್ಚು ಹತ್ತಿದ್ದ ಇನ್ನಿಬ್ಬರು, ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವ ನರ್ಸಕ್ಕ, ಮೀನಿನ ಟೆಂಪೋ ಓಡಿಸುವ ಮೊಂಡ, ಮೂವರೂ ಪೊರಕೆ ಹಿಡಿದರು.

ಕೊಳದ ತಳ ಬೊಗಸೆಯ ಹಾಗೆ ಬಾಗಿತ್ತು. ಈ ಅಂಚಿನಿಂದ ಜಾರಿಬಿಟ್ಟರೆ ತಳಕ್ಕಿಳಿದು ಆ ಗೋಡೆಗೇರಬೇಕು. ಆದರೆ ಕಿತ್ತುಹೋದ ಬಿಲ್ಲೆಗಳು, ಬಿರುಕುಗಳು! ಮೊಂಡನ ಹಲ್ಲು ಮುರಿದದ್ದು ಅಲ್ಲೇ. ಗಾಲಿ ಕೈಕಟ್ಟಿ ಕೂರುವ ಆಸಾಮಿಯಲ್ಲ. ದಿನವೂ ಕೆಲಸದ ಜಾಗದಲ್ಲಿ ಕಲಸಿ ಮಿಕ್ಕ ಸಿಮೆಂಟನ್ನು, ಚೆಲ್ಲುವ ಬದಲು, ಮೇಸ್ತ್ರಿಯನ್ನು ಕೇಳಿ ಬಕೆಟ್ಟಿನಲ್ಲಿ ತಂದ. ಬಿರುಕು ಕೆತ್ತಿದ, ತುಂಬಿದ, ಕರಣೆಯಲ್ಲಿ ಉಜ್ಜಿದ. ಉಪ್ಪುಗಾಳಿಗೆ ಗಾರೆ ಉದುರಬಾರದೆಂದು ತಾರಸಿಗೆ ಹಾಕುವ ವಾಟರ್‌ಪ್ರೂಫ್ ಪುಡಿ ಬೆರೆಸಿದ. ತಳದಲ್ಲಿ ನೀರು ಹೋಗುವ ತೂತಿಗೆ ಬೋರ್ಡು ಎಡವುತ್ತದೆಂದು ಅದನ್ನೂ ಮುಚ್ಚಿದ. ಕೆಲವು ವರ್ಷ ಹೀಗೇ ನಡೆಯಿತು. ಕೊನೆಗೆ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿ ಹಳೇದು, ಎಲ್ಲಿ ಹೊಸದು ಎಂದು ಅವನಿಗೇ ಗೊತ್ತಾಗುತ್ತಿರಲಿಲ್ಲ.

ಆ ಕೊಳಕ್ಕಿಳಿದರೆ ಗಾಲಿ ಯಾರ ಕೈಕೆಳಗಿನವನೂ ಅಲ್ಲ. ಮೇಸ್ತ್ರಿಯ ಬೈಗುಳ, ಭಾವನ ಗೊರಕೆ, ಎಲ್ಲ ಮೇಲೆ ಅಂಚಿನಲ್ಲೇ ಉಳಿಯುತ್ತಿದ್ದವು. ಅವನಿಗೆ ಬದುಕಿನಲ್ಲಿ ತನ್ನದು ಎಂದಿದ್ದದ್ದು ಅದೊಂದೇ. ಅದೂ ಅವನದಲ್ಲ, ಆ ಮಾತು ಬೇರೆ.

ಮಳೆ ಬಂದರೆ ಕೊಳದಲ್ಲಿ ನೀರು ನಿಲ್ಲುತ್ತಿತ್ತು, ಮೂವರೂ ಬಕೆಟ್ ಹಿಡಿದು ಎತ್ತಿ ಚೆಲ್ಲುತ್ತಿದ್ದರು. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ, ಎತ್ತಿ ಎತ್ತಿ ಸಾಕಾಗಿ ಬಿಟ್ಟರು. ನೀರು ಮೊಣಕಾಲು ಮುಳುಗುವಷ್ಟು ನಿಂತಿತು. ಕೊನೆಗೂ ಮಳೆ ಬಿಟ್ಟು ನಾಲ್ಕು ದಿನವಾಗಿತ್ತು, ಆಗಲೇ ಬರಬೇಕೆ ಚಿಕ್ಕ ಯಜಮಾನ, ಹಳೇ ಯಜಮಾನರ ಮಗ? ಜಾಗ ಮಾರಲೆಂದು ನೋಡಲು ಬಂದವನು ಕೊಡೆ ಊರಿಕೊಂಡು ಕೊಳದ ಮುಂದೆ ನಿಂತ.

"ಏನ್ ತಾತ, ಇದು ಸೋರುತ್ತೆ ಅಂತ ತಾನೇ ಅಪ್ಪ ಮುಚ್ಚಿದ್ದು?"

"ಹೌದು ಬುದ್ಧಿ."

"ಮಳೆ ನಿಂತು ಇಷ್ಟು ದಿನ ಆದ್ರೂ ನೀರು ಹಾಗೇ ಇದೆಯಲ್ಲ!"

ತಾತ ಕೆಮ್ಮಿದ. ಬಿರುಕೆಲ್ಲ ಗಾಲಿ ಮುಚ್ಚಿದ್ದನ್ನು ಹೇಳಿದರೆ ತನ್ನ ಕೆಲಸಕ್ಕೇ ಕುತ್ತು. ಮಾರುವ ಯೋಚನೆ ಅಲ್ಲಿಗೇ ನಿಂತಿತು. ಲಾಡ್ಜಿಗೆ ಸುಣ್ಣಬಣ್ಣ, ಕೊಳಕ್ಕೆ ನೀಲಿ ಬಣ್ಣ, ಹೊಸ ಕೊಳಾಯಿ ಎಂದಾಯಿತು. ಕೆಲಸ ಸಿಕ್ಕಿದ್ದು ಯಾರಿಗೆ ಅಂತೀರಿ? ಗಾಲಿಯ ಮೇಸ್ತ್ರಿಗೇ. ತಾನು ಉಜ್ಜಿ ಉಜ್ಜಿ ನುಣುಪು ಮಾಡಿದ ಗೋಡೆಗೆ ಗಾಲಿ ಕೂಲಿಗೆ ಬಣ್ಣ ಬಳಿದ. ಬ್ರಷ್ಷು ನಿಲ್ಲಿಸುವಂತಿರಲಿಲ್ಲ. ಕೂಲಿ ಬಿಟ್ಟರೆ ಅಕ್ಕನಿಗೆ ಏನು ಕೊಟ್ಟಾನು?

ನೋಡೋಣವೆಂದು ಪೂರ್ತಿ ನೀರು ತುಂಬಿಸಿದರು. ಮಾರನೇ ದಿನ ನೀರು ಗೇಣುದ್ದ ಇಳಿದಿತ್ತು! ಎಲ್ಲಿ ಸೋರುತ್ತಿದೆಯೆಂದು ಗಾಲಿಗೆ ಥಟ್ಟನೆ ಹೊಳೆಯಿತು. ಮೂಲೆಯ ಕಬ್ಬಿಣದ ಏಣಿಯ ಹಿಂದೆ, ಮಳೆನೀರು ಮುಟ್ಟದಷ್ಟು ಮೇಲೆ. ಅಲ್ಲಿಗೆ ಬೋರ್ಡು ಹೋಗುವುದಿಲ್ಲ, ಹಾಗಾಗಿ ಅದೊಂದು ಜಾಗಕ್ಕೆ ಅವನು ಕರಣೆ ಮುಟ್ಟಿಸಿಯೇ ಇರಲಿಲ್ಲ.

"ಬಾಯಿಗೆ ಬೀಗ ಹಾಕ್ಕೋ" ಎಂದಳು, ಅವನಿಂದ ವಿಷಯ ಕೇಳಿದ ನರ್ಸಕ್ಕ. "ಸೋರಲಿ. ಬೇಜಾರಾಗಿ ಮತ್ತೆ ಬೀಗ ಹಾಕ್ಕೊಂಡು ಹೋಗ್ತಾರೆ."

ಗಾಲಿ ತುಟಿಪಿಟಕ್ಕೆನ್ನಲಿಲ್ಲ. ಮೇಸ್ತ್ರಿ ನೀರಿಗಿಳಿದು ತಳವೆಲ್ಲ ತಡಕಿ ತಲೆ ಕೆರೆದುಕೊಂಡ. ಚಿಕ್ಕ ಯಜಮಾನ ಬಂದು ಸೊಂಟಕ್ಕೆ ಕೈಕೊಟ್ಟು ನಿಂತ.

"ಇದರ ಸಹವಾಸವೇ ಬೇಡ ಮೇಸ್ತ್ರಿ. ನಾಳೆ ಒಡೆಸಿ ಮಣ್ಣು ತುಂಬಿಸಿಬಿಡಿ. ಕಾರು ನಿಲ್ಲಿಸೋಕೆ ಜಾಗ ಆಗುತ್ತೆ."

ಇದನ್ನು ಯಾರೂ ಎಣಿಸಿರಲಿಲ್ಲ. ಗಾಲಿ ತಾತನ ಮುಖ ನೋಡಿದ, ತಾತ ನೆಲ ನೋಡಿದ. ನೀರಾದರೆ ಎಂದಾದರೂ ಒಂದು ದಿನ ಬತ್ತೀತು, ಮಣ್ಣು ಬಿದ್ದರೆ ಮುಗಿದೇಹೋಯಿತು. ಆ ತಳದ ಬಾಗನ್ನು ಸುತ್ತಿಗೆ ಒಡೆಯುವುದನ್ನು ಅವನಿಂದ ನೆನೆಯಲೂ ಆಗಲಿಲ್ಲ.

"ಸೋರೋ ಜಾಗ ನಂಗೊತ್ತು ಸಾರ್" ಎಂದುಬಿಟ್ಟ.

"ಲೋ, ಗೊತ್ತಿದ್ರೆ ಇಷ್ಟು ಹೊತ್ತು ಏನ್ ಕಡಲೆ ತಿಂತಿದ್ಯಾ?" ಎಂದು ಮೇಸ್ತ್ರಿ ರೇಗಿದ.

ನೀರು ಇಳಿಸಿ ಏಣಿ ಬಿಚ್ಚಿದರು. ಗಾಲಿ ಮಂಡಿಯೂರಿ ಕೆತ್ತಿದ, ತುಂಬಿದ, ಉಜ್ಜಿದ. ಅರೆಬರೆ ಮಾಡಿಬಿಡೋಣವೆಂದು ಒಂದು ಗಳಿಗೆ ಅನ್ನಿಸದೇ ಇರಲಿಲ್ಲ. ಹಾಗೆ ಮಾಡಿದರೆ ಮತ್ತೆ ಸುತ್ತಿಗೆಯೇ. ಎಷ್ಟು ಚೆನ್ನಾಗಿ ಮಾಡಬಲ್ಲನೋ ಅಷ್ಟು ಚೆನ್ನಾಗಿ ಮಾಡಿದ. ಬೇರೆ ದಾರಿ ಇರಲಿಲ್ಲ.

ಸಂಜೆ ಮನೆಗೆ ಹೋದಾಗ ಅಕ್ಕ ಮುಖ ನೋಡಿಯೇ ಮಿಷನ್ ನಿಲ್ಲಿಸಿದಳು. ಎಣ್ಣೆ ಬುಡ್ಡಿ ತೆಗೆದು ಅವನ ಮುಂದಿಟ್ಟಳು.

"ತಗೋ, ಹಾಕ್ಕೋ. ಕದಿಯೋದೇನೂ ಬೇಡ."

"ಬೇಡಕ್ಕ" ಎಂದ ಗಾಲಿ. "ಇನ್ನು ಎಲ್ಲಿ ಓಡಿಸ್ಲಿ?"

ಲಾಡ್ಜ್ ತೆರೆದ ದಿನ ಅವನು ಬೋರ್ಡು ಹಿಡಿದೇ ಆ ಕಡೆ ಹೋದ, ಕಾಲು ಕೇಳಬೇಕಲ್ಲ. ಹೊಸ ಸಮವಸ್ತ್ರ ತೊಟ್ಟಿದ್ದ ತಾತ ಗೇಟಿನಲ್ಲೇ ತಡೆದ. ಟಿಕೆಟ್ ಇಲ್ಲದೆ ಯಾರನ್ನೂ ಬಿಡುವಂತಿಲ್ಲ, ಹಲಗೆಯನ್ನಂತೂ ಬಿಡುವಂತೆಯೇ ಇಲ್ಲ ಎಂದು ಹೇಳಲು ಪಾಪ ಮುದುಕನಿಗೆ ನಾಲಿಗೆ ಏಳಲಿಲ್ಲ. ಕಂಬಿಗಳ ನಡುವೆ ನೀಲಿ ನೀರು ಕಾಣುತ್ತಿತ್ತು. ಮಕ್ಕಳು ಕೇಕೆ ಹಾಕಿ ಧುಮುಕುತ್ತಿದ್ದರು. ಆ ನೀರಿನಡಿಯ ಒಂದೊಂದು ಇಳಿಜಾರೂ ಗಾಲಿಯ ಪಾದಕ್ಕೆ ಗೊತ್ತಿತ್ತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ ಎಂದು ತಾತ ಹತ್ತಿರ ಬಂದ. "ಬೆಳಿಗ್ಗೆ ನಾನೇ ಹೋಗಿ ನೋಡ್ದೆ ಕಣೋ. ಒಂದು ಹನಿ ಸೋರಿಲ್ಲ. ಎಷ್ಟು ಕಾಲ ಬಾಳಿಕೆ ಬರುತ್ತೋ ನಿನ್ನ ಗಾರೆ?"

ಗಾಲಿ ಬೋರ್ಡನ್ನು ಕಂಕುಳಿಗೆ ಒತ್ತಿಕೊಂಡ.

"ನಾನಿರೋವರೆಗೂ ಸೋರಲ್ಲ ತಾತ."