ಶರಣಮ್ಮನವರ ಬೆರಳು ಮತ್ತು ನನ್ನ ಹನ್ನೊಂದು ಸಾಲು

ಎರಡು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಒಂದು ಬುಧವಾರ ಆಫೀಸಿನಿಂದ ನನ್ನನ್ನು ತುರ್ಭೆಯ ಒಂದು ಕಾರ್ಖಾನೆಯ ಗೇಟಿಗೆ ಕಳಿಸಿದರು. ಅಲ್ಲಿ ನಡೆದದ್ದನ್ನು ನಾನು ಇದುವರೆಗೆ ಮನೆಯಲ್ಲಿಯೂ ಹೇಳಿಲ್ಲ. ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಬರೆಯುವುದು ಸ್ವಲ್ಪ ಸುಲಭವಾದೀತೆಂದು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಮರಾಠಿ ಸೀಮೆಯ ಡೊಂಬಿವಲಿಯಲ್ಲಿ. ಅಪ್ಪ ಉಡುಪಿ ಕಡೆಯವರು, ಹೊಟೇಲಿನಲ್ಲಿ ಕೆಲಸ. ಮನೆಯಲ್ಲಿ ತುಳು, ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆ, ಆಮೇಲೆ ಎಂಜಿನಿಯರಿಂಗ್. ಮಹಾಪೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿ ಆಗ ಎರಡು ವರ್ಷ ತುಂಬಿತ್ತು. ಆಫೀಸಿನಲ್ಲಿ ಎಲ್ಲರದೂ ಹಿಂದಿ, ಮರಾಠಿ, ಇಂಗ್ಲಿಷ್. ನನಗೆ ಕನ್ನಡ ಬರುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ನಮ್ಮ ಕಂಪನಿ ಕಾರ್ಖಾನೆಗಳಿಗೆ ಗೇಟ್ ಪಾಸಿನ ವ್ಯವಸ್ಥೆ ಮಾಡಿಕೊಡುತ್ತಿತ್ತು. ಗುತ್ತಿಗೆ ಕೆಲಸಗಾರರ ಫೋಟೊ, ಗುರುತಿನ ಚೀಟಿ, ಬೆರಳಚ್ಚುಗಳನ್ನು ಗೇಟಿನ ಕೌಂಟರಿನಲ್ಲಿ ತೆಗೆದುಕೊಳ್ಳುತ್ತಾರೆ. ಅವು ಆ ಮನುಷ್ಯರದ್ದೇ ಹೌದೋ ಅಲ್ಲವೋ ಎಂದು ಪರೀಕ್ಷಿಸಿ ಹೇಳುವುದು ಇನ್ನೊಂದು ಕಂಪನಿ. ನಮ್ಮ ಪ್ರೋಗ್ರಾಂ ಇಂಟರ್‌ನೆಟ್ ಮೂಲಕ ಅವರಿಗೆ ಅರ್ಜಿ ಕಳಿಸುತ್ತದೆ. ಉತ್ತರ ಕೂಡಲೇ ಬರುವುದಿಲ್ಲ, ಮೊದಲು ಒಂದು ನಂಬರ್ ಬರುತ್ತದೆ. ಆ ನಂಬರ್ ಹಿಡಿದುಕೊಂಡು ‘ಆಯಿತೇ?’ ಎಂದು ಆಗಾಗ ಕೇಳುತ್ತಿರಬೇಕು. ಆಗುವ ತನಕ ‘ನಡೆಯುತ್ತಿದೆ’ ಎಂಬುದೊಂದೇ ಉತ್ತರ. ನಮ್ಮ ಬಿಲ್ಡಿಂಗಿನ ಕೆಳಗಿರುವ ಗಿರಣಿಯಲ್ಲಿ ಗೋಧಿಯ ಡಬ್ಬ ಇಟ್ಟು ಬರುತ್ತೇವಲ್ಲ, ಹಾಗೆ. ಡಬ್ಬ ಸಾಲಿನಲ್ಲಿ ಕೂತಿರುತ್ತದೆ. ನಾವು ಹೋಗಿ ಕೇಳುತ್ತೇವೆ. ಬೀಸಿ ಆಗಿದ್ದರೆ ತರುತ್ತೇವೆ.

ಈ ಕೇಳುವ ಭಾಗವನ್ನು ಬರೆದವಳು ನಾನು. ಶುರುವಿನ ವಾರಗಳಲ್ಲಿ ನೆಟ್‌ವರ್ಕ್ ಸರಿಯಿಲ್ಲದೆ ಕೆಲವು ಅರ್ಜಿಗಳು ಎಲ್ಲೋ ಕಳೆದುಹೋಗುತ್ತಿದ್ದವು. ನಮ್ಮ ಮ್ಯಾನೇಜರ್ ಬೇಸತ್ತು, “ಅರೇ, ಕಿತನಾ ವೇಟ್ ಕರೇಂಗೇ? ದಸ್ ಮಿನಿಟ್ ಮೇ ನಹೀ ಆಯಾ ತೋ ಫಿರ್ ಸೇ ಭೇಜ್ ದೋ” ಅಂದರು. ಹತ್ತು ನಿಮಿಷದಲ್ಲಿ ಉತ್ತರ ಬರದಿದ್ದರೆ ಅರ್ಜಿಯನ್ನು ತಾನಾಗಿ ಹೊಸದಾಗಿ ಕಳಿಸುವಂತೆ ನಾನು ಪ್ರೋಗ್ರಾಂನಲ್ಲಿ ಹನ್ನೊಂದು ಸಾಲು ಬರೆದೆ. ಕಳೆದುಹೋಗುವ ತೊಂದರೆ ನಿಂತಿತು. ಮೀಟಿಂಗಿನಲ್ಲಿ ಹೊಗಳಿದರು.

ಆ ಇನ್ನೊಂದು ಕಂಪನಿಯ ಸೂಚನಾ ಪುಸ್ತಕದಲ್ಲಿ ಎರಡು ಮಾತುಗಳಿದ್ದವು. ಒಬ್ಬರ ಹೆಸರಿನಲ್ಲಿ ಹೊಸ ಅರ್ಜಿ ಬಂದರೆ ಹಳೆಯದು ರದ್ದಾಗುತ್ತದೆ, ಇದು ಒಂದು. ಬೆರಳಚ್ಚು ಸ್ಪಷ್ಟವಾಗಿಲ್ಲದಿದ್ದರೆ ಅರ್ಜಿ ಮನುಷ್ಯರ ಕೈಗೆ ಹೋಗುತ್ತದೆ, ಅವರು ಫೋಟೊ ಮತ್ತು ಚೀಟಿ ನೋಡಿ ತೀರ್ಮಾನಿಸಲು ಒಂದು ದಿನ ಹಿಡಿಯಬಹುದು, ಇದು ಇನ್ನೊಂದು. ನಾನು ಎರಡನ್ನೂ ಓದಿದ್ದೆ. ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿರಲಿಲ್ಲ.

ತುರ್ಭೆಯ ಆ ಕಾರ್ಖಾನೆಯಲ್ಲಿ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಮಾಡುತ್ತಾರೆ. ರಿಕ್ಷಾ ಇನ್ನೂ ತಿರುವಿನಲ್ಲಿರುವಾಗಲೇ ವಾಸನೆ ಬಂತು. ಗೇಟಿನ ಪಕ್ಕದ ಕೋಣೆಯಲ್ಲಿ ಒಂದು ಕಂಪ್ಯೂಟರ್, ಬೆರಳಚ್ಚು ತೆಗೆಯುವ ಯಂತ್ರ, ಎದುರಿಗೆ ಒಂದು ಉದ್ದದ ಬೆಂಚು. ಏಳು ಜನರ ಪಾಸ್ ಎಷ್ಟು ದಿನವಾದರೂ ಬಂದಿಲ್ಲವೆಂದು ಕೌಂಟರಿನ ಗುಮಾಸ್ತ ದೂರು ಕೊಟ್ಟಿದ್ದ. ಏಳು ಜನರೂ ಬೆಳ್ಳುಳ್ಳಿ ಸುಲಿಯುವ ಹೆಂಗಸರು. ಅವರಲ್ಲಿ ಒಬ್ಬರು ಊಟದ ಬಿಡುವಿನಲ್ಲಿ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ನಲವತ್ತೈದರ ಆಸುಪಾಸು, ಇಳಕಲ್ ಸೀರೆ, ತಲೆಯ ಮೇಲೆ ಇನ್ನೂ ಕಾರ್ಖಾನೆಯ ಪ್ಲಾಸ್ಟಿಕ್ ಟೊಪ್ಪಿ.

“ಮೌಸಿ, ಪ್ರೊಸೆಸ್ ಮೇ ಹೈ. ರೋಜ್ ರೋಜ್ ಕಾಯ್ಕೋ ಆತೀ ಹೋ?” ನಡೆಯುತ್ತಿದೆ ಚಿಕ್ಕಮ್ಮ, ದಿನಾ ದಿನಾ ಯಾಕೆ ಬರುತ್ತೀ ಎಂದ ಗುಮಾಸ್ತ. ಆಮೇಲೆ ನನ್ನ ಕಡೆ ತಿರುಗಿ, “ಶೆಟ್ಟಿ ಮೇಡಮ್, ಆಪ್ ಹೀ ದೇಖೋ” ಎಂದು ಕುರ್ಚಿ ಬಿಟ್ಟುಕೊಟ್ಟ.

ಆ ಹೆಂಗಸು ತಲೆ ಎತ್ತಿದರು. “ಶೆಟ್ಟಿ ಅಂದ್ರ ನಮ್ ಕರ್ನಾಟಕದವ್ರೇ ಅಲ್ರಿ? ಹೊಟೇಲ್ನವ್ರ ಪೈಕಿ ಏನ್ರಿ?”

ನಾನು “ಹೌದು” ಎಂದೆ.

“ಹಂಗಾರ ನೀವರ ಹೇಳ್ರಿ ತಂಗಿ. ನಾ ಶರಣಮ್ಮ ಅಂತ, ಕಲಬುರಗಿ ಕಡಿಯಾಕಿ. ಒಂಬತ್ತು ದಿನ ಆತು. ನಡ್ದದ ನಡ್ದದ ಅಂತ ಹೇಳ್ಲತ್ತಾರ. ಎಲ್ಲಿಗಿ ನಡ್ದದ ಅದು? ನಡ್ಕೋತ ಹೋಗಿದ್ರ ಇಷ್ಟೊತ್ತಿಗಿ ಕಲಬುರಗಿ ಮುಟ್ಟಿ ವಾಪಸ್ ಬರ್ತಿತ್ತು.”

ಗುಮಾಸ್ತನಿಗೆ ಅರ್ಥವಾಗದಿದ್ದರೂ ಅವರು ಹೇಳಿದ ರೀತಿಗೆ ನಕ್ಕ. ನನಗೂ ನಗು ಬಂತು. ಅವರು ನಗಲಿಲ್ಲ. ಹಳೆಯ ಪಾಸಿನ ಅವಧಿ ಶನಿವಾರ ಮುಗಿಯುತ್ತದೆ ಅಂದರು. ಶನಿವಾರ ಸಂಜೆಯೊಳಗೆ ಹೊಸದು ತೋರಿಸದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹಾಕುತ್ತೇನೆಂದು, ಅವರನ್ನು ಗುತ್ತಿಗೆಗೆ ತಂದ ಮುಕಾದಮ್ ಹೇಳಿದ್ದನಂತೆ. ಅವರು ವಾಸವಿದ್ದ ಒಂದು ಕೋಣೆಯ ಖೋಲಿಯೂ ಮುಕಾದಮನದೇ. ಕೆಲಸ ಹೋದರೆ ಖೋಲಿಯೂ ಹೋಗುತ್ತದೆ.

“ಹನ್ನೊಂದು ವರ್ಷ ಆತ್ರಿ ಇಲ್ಲೇ ಬಳ್ಳೊಳ್ಳಿ ಸುಲಿಲಿಕ್ಕತ್ತು. ಗೇಟಿನ ನಾಯಿನೂ ನನ್ ಗುರ್ತು ಹಿಡೀತದ. ಈ ಮಷಿನ್ ಹಿಡೀವಲ್ದು.”

ನಾನು ಕಂಪ್ಯೂಟರಿನಲ್ಲಿ ಅವರ ಅರ್ಜಿಯ ಚರಿತ್ರೆ ತೆಗೆದೆ. ಪರದೆ ತುಂಬ ಸಾಲುಗಳು. ಅರ್ಜಿ ಹೋಯಿತು, ಬೆರಳಚ್ಚು ಅಸ್ಪಷ್ಟ, ಮನುಷ್ಯರ ಪರಿಶೀಲನೆಗೆ ಕಳಿಸಲಾಗಿದೆ, ರದ್ದು. ಮತ್ತೆ ಅರ್ಜಿ, ಮತ್ತೆ ಪರಿಶೀಲನೆ, ಮತ್ತೆ ರದ್ದು. ಸರಿಯಾಗಿ ಹತ್ತು ಹತ್ತು ನಿಮಿಷಕ್ಕೆ. ಒಂಬತ್ತು ದಿನ ಹಗಲೂ ರಾತ್ರಿ ನನ್ನ ಹನ್ನೊಂದು ಸಾಲುಗಳು ಈ ಹೆಂಗಸಿನ ಡಬ್ಬವನ್ನು ಸಾಲಿನಿಂದ ಎಳೆದು ಎಳೆದು ಕೊನೆಗೆ ಇಡುತ್ತಿದ್ದವು. ಸ್ಪಷ್ಟ ಬೆರಳಿನವರಿಗೆ ಒಂದು ನಿಮಿಷದಲ್ಲಿ ಪಾಸ್ ಬರುತ್ತಿತ್ತು, ಅವರಿಗೆ ಇದು ತಾಗಲೇ ಇಲ್ಲ. ಬೆರಳು ಸವೆದವರಿಗೆ ಮಾತ್ರ ಎಂದೆಂದಿಗೂ ಬರುವಂತಿರಲಿಲ್ಲ.

ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ.

“ಏನ್ ಬಂದದ್ರಿ ಅದ್ರಾಗ?” ಎಂದು ಶರಣಮ್ಮ ಬೆಂಚಿನಿಂದ ಎದ್ದು ಹತ್ತಿರ ಬಂದರು.

ನಾನು ಹೇಳಿದೆ: “ನಿಮ್ಮ ಬೆರಳಚ್ಚು ಸರಿಯಾಗಿ ಬರುತ್ತಿಲ್ಲ, ಅದಕ್ಕೇ ತಡ.”

ಅದು ಪೂರ್ತಿ ಸುಳ್ಳೇನೂ ಅಲ್ಲ. ಹಾಗೆಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಅವರು ತಮ್ಮ ಎರಡೂ ಕೈಗಳನ್ನು ಅಂಗೈ ಮೇಲಾಗಿ ಹಿಡಿದು ನೋಡಿಕೊಂಡರು. ಬೆರಳ ತುದಿಗಳು ಬೆಳ್ಳಗೆ, ನುಣ್ಣಗೆ, ಸುಲಿದ ಎಸಳಿನ ಹಾಗಿದ್ದವು. ಸೀರೆಯ ಸೆರಗಿಗೆ ಅವನ್ನು ತಿಕ್ಕಿ ಮತ್ತೊಮ್ಮೆ ನೋಡಿದರು.

“ಹಂಗಾರ ತಪ್ಪು ನಂದೇ ಬಿಡ್ರಿ,” ಅಂದರು. “ನಾ ಸುಮ್ಮ ಈ ತಮ್ಮಗ ಬೈಕೊಂತಿದ್ದೆ.”

ಬಿಡುವು ಮುಗಿದು ಅವರು ಒಳಗೆ ಹೋದರು. ನಾನು ಹೊರಗೆ ಬಂದು ಮ್ಯಾನೇಜರಿಗೆ ಫೋನ್ ಮಾಡಿದೆ. ವಿಷಯ ಹೇಳಿ, ಈ ಕೌಂಟರಿನಲ್ಲೇ ಒಂದು ಅಂಕಿ ಬದಲಿಸಿದರೆ ಸಾಕು, ಹತ್ತು ನಿಮಿಷದ ಬದಲು ಮೂರು ದಿನ ಮಾಡುತ್ತೇನೆ ಅಂದೆ. ಏನನ್ನೂ ಮುಟ್ಟಬೇಡ, ಒಂಬತ್ತು ದಿನ ಏನು ಮಾಡುತ್ತಿದ್ದಿರೆಂದು ಕಾರ್ಖಾನೆಯವರು ಕೇಳುತ್ತಾರೆ, ಶುಕ್ರವಾರದ ಮೀಟಿಂಗಿನಲ್ಲಿ ಒಪ್ಪಿಗೆ ಪಡೆಯೋಣ ಎಂಬುದು ಅವರ ಉತ್ತರ. “ಕುಛ್ ಟಚ್ ಮತ್ ಕರನಾ. ಕ್ಲೈಂಟ್ ಪೂಛೇಗಾ ನೌ ದಿನ್ ಕ್ಯಾ ಕರ್ ರಹೇ ಥೇ. ಫ್ರೈಡೇ ಮೀಟಿಂಗ್ ಮೇ ಅಪ್ರೂವಲ್ ಲೇಂಗೇ.”

ಪಾಸ್‌ವರ್ಡ್ ನನಗೆ ಗೊತ್ತಿತ್ತು. ಅಂಕಿ ಎಲ್ಲಿದೆಯೆಂದೂ ಗೊತ್ತಿತ್ತು. ಅರ್ಧ ನಿಮಿಷದ ಕೆಲಸ. ಮಾಡಲಿಲ್ಲ. ಮ್ಯಾನೇಜರ್ ಬೇಡ ಅಂದರು ಎಂಬುದು ಕಾರಣದ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಇನ್ನೂ ಸಣ್ಣದು. ಬದಲಾವಣೆ ಮಾಡಿದರೆ ಅದು ದಾಖಲಾಗುತ್ತದೆ, ಯಾಕೆ ಎಂದು ಯಾರಾದರೂ ಕೇಳುತ್ತಾರೆ, ಆ ಹನ್ನೊಂದು ಸಾಲುಗಳ ಮೇಲೆ ನನ್ನ ಹೆಸರಿತ್ತು. ಶನಿವಾರಕ್ಕೆ ಇನ್ನೂ ಸಮಯವಿದೆ ಎಂದು ಲೆಕ್ಕ ಹಾಕಿ ರೈಲು ಹತ್ತಿದೆ.

ಶುಕ್ರವಾರ ಬೆಳಿಗ್ಗೆ ಮೀಟಿಂಗಿನಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದು ಗಂಟೆಯ ಹೊತ್ತಿಗೆ ನಾನು ಆ ಸಾಲುಗಳನ್ನು ತೆಗೆದುಹಾಕಿದೆ. ಏಳು ಅರ್ಜಿಗಳೂ ಸಾಲಿನಲ್ಲಿ ಕೂತಿದ್ದವು, ಇನ್ನು ಅವನ್ನು ಎಳೆಯುವವರಿರಲಿಲ್ಲ. ಶನಿವಾರ ಮಧ್ಯಾಹ್ನದೊಳಗೆ ಉತ್ತರ ಬರಲೇಬೇಕು ಅನ್ನಿಸಿತು. ಶನಿವಾರ, ಭಾನುವಾರದ ರಜೆಯಲ್ಲಿ ನಾನು ಕಂಪ್ಯೂಟರ್ ತೆರೆಯಲಿಲ್ಲ. ಮನಸ್ಸು ಹಗುರವಾಗಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಸೋಮವಾರ ಆಫೀಸಿಗೆ ಹೋಗಿ ನೋಡಿದರೆ ಏಳೂ ಪಾಸ್ ಆಗಿದ್ದವು. ಯಾರೂ ಹೇಳದಿದ್ದರೂ ನಾನೇ ತುರ್ಭೆಗೆ ಹೋದೆ. ಶರಣಮ್ಮನವರನ್ನು ನೋಡಬೇಕಿತ್ತು. ನಿಮ್ಮ ಬೆರಳಿನ ತಪ್ಪಲ್ಲ ಎಂದು ಹೇಳುವ ಧೈರ್ಯವೂ ಆಗ ಬಂದಿತ್ತು. ಪಾಸ್ ಬಂದ ಮೇಲೆ ಅಂಥ ಮಾತು ಹೇಳುವುದು ಕಷ್ಟವಲ್ಲ.

ಕೌಂಟರಿನ ಟ್ರೇಯಲ್ಲಿ ಒಂದೇ ಒಂದು ಕಾರ್ಡ್ ಉಳಿದಿತ್ತು. ಫೋಟೊದಲ್ಲಿ ಶರಣಮ್ಮ ಕ್ಯಾಮೆರಾವನ್ನು ನೇರವಾಗಿ ನೋಡುತ್ತಿದ್ದರು.

“ವೋ ಮೌಸಿ ತೋ ಗಯೀ, ಮೇಡಮ್,” ಅವರು ಹೋಗಿಬಿಟ್ಟರು ಎಂದ ಗುಮಾಸ್ತ. ಉಳಿದ ಆರು ಜನರದ್ದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೇ ಬಂತಂತೆ. ಇವರದ್ದು ಮಾತ್ರ ಬರಲಿಲ್ಲ. ಶಿಫ್ಟ್ ಮುಗಿದ ಮೇಲೆಯೂ ಆರು ಗಂಟೆಯವರೆಗೆ ಬೆಂಚಿನ ಮೇಲೆ ಕೂತಿದ್ದು ಹೋದರಂತೆ. ಉತ್ತರ ಬಂದದ್ದು ಭಾನುವಾರ ಬೆಳಿಗ್ಗೆ.

ನಾನು ನಂಬಲಿಲ್ಲ. ಮತ್ತೆ ಚರಿತ್ರೆ ತೆಗೆದೆ. ಶುಕ್ರವಾರ ಸಾಲಿನಲ್ಲಿದ್ದ ಅರ್ಜಿ ಶನಿವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ರದ್ದಾಗಿತ್ತು. ಅದೇ ಹೆಸರಿನಲ್ಲಿ ಹೊಸ ಅರ್ಜಿ ಬಂದ ಕಾರಣ. ಹೊಸದರಲ್ಲೂ ಬೆರಳಚ್ಚು ಅಸ್ಪಷ್ಟ, ಮತ್ತೆ ಪರಿಶೀಲನೆಯ ಸಾಲಿನ ಕೊನೆ. ಈ ಸಲ ಕಳಿಸಿದ್ದು ನನ್ನ ಸಾಲುಗಳಲ್ಲ.

“ಇದು ಯಾರು ಕಳಿಸಿದ್ದು?” ಎಂದು ಹಿಂದಿಯಲ್ಲಿ ಕೇಳಿದೆ.

“ಮೈನೇ, ಮೇಡಮ್,” ನಾನೇ ಎಂದ ಅವನು. ಅವನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ, ತಪ್ಪು ಇರಲೂ ಇಲ್ಲ. “ಆಪ್ ಹೀ ನೇ ಬೋಲಾ ಥಾ ನಾ, ಉಂಗಲೀ ಸಾಫ್ ನಹೀ ಆ ರಹೀ. ಮೌಸಿ ತೀನ್ ರಾತ್ ತೇಲ್ ಲಗಾಕೇ, ಕಪಡಾ ಬಾಂಧ್ ಕೇ ಸೋಯೀ.” ಬೆರಳು ಸರಿಯಾಗಿ ಬರುತ್ತಿಲ್ಲವೆಂಬ ನನ್ನ ಮಾತನ್ನು ಶರಣಮ್ಮ ಅವನಿಗೂ ಹೇಳಿದ್ದರು, ಮೂರು ರಾತ್ರಿ ಬೆರಳಿಗೆ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿಕೊಂಡು ಮಲಗಿದ್ದರು. ಶನಿವಾರ ಬೆಳಿಗ್ಗೆ ಬಂದು ಬಟ್ಟೆ ಬಿಚ್ಚಿ ಕೈ ತೋರಿಸಿದರಂತೆ. ಈಗ ಸ್ವಲ್ಪ ಗೆರೆ ಬಂದಿವೆ, ಇನ್ನೊಮ್ಮೆ ತಗೊಳ್ಳಪ್ಪ ಎಂದು ಕೇಳಿಕೊಂಡರಂತೆ. ಪಾಪ ಅನ್ನಿಸಿ ತಗೊಂಡೆ ಅಂದ.

ಅಂದರೆ ನನ್ನ ಸಾಲುಗಳು ನಿಂತ ಮೇಲೆ ನನ್ನ ಮಾತು ಆ ಕೆಲಸ ಮಾಡಿತ್ತು.

ಅರ್ಜಿಯಲ್ಲಿದ್ದ ಫೋನ್ ನಂಬರ್ ಮುಕಾದಮನದು. ಏಳು ಹೆಂಗಸರಿಗೂ ಅದೇ ನಂಬರ್. ಫೋನ್ ಮಾಡಿದೆ. ಅವನೂ ವಿಜಯಪುರ ಕಡೆಯವನೇ, ಕನ್ನಡದಲ್ಲೇ ಮಾತಾಡಿದ. “ಕಾರ್ಡ್ ಬಂತೇನ್ರಿ? ಇಟ್ಕೋರಿ ನೀವೇ. ಅಕಿ ಜಾಗಕ್ಕ ಬ್ಯಾರೆಯಾಕಿ ಬಂದಾಳ, ಖೋಲಿನೂ ಕೊಟ್ಟಾತು. ತಂಗಿ ಮನಿ ಶಹಾಡ್‌ದಾಗ ಅದ ಅಂತಿದ್ಳು. ಅಲ್ಲಿ ಹೋಗ್ಯಾಳೋ, ಊರಿಗೆ ಹೋಗ್ಯಾಳೋ, ನನಗೇನ್ ಗೊತ್ರಿ?” ಆಮೇಲೆ, “ನಾ ಒಂದಿನ ತಡೀತಿದ್ದೆ. ಬೆರಳೇ ಸರಿಯಿಲ್ಲ ಅಂತ ಅಕಿನೇ ಹೇಳಿದ್ಳಲ್ರಿ, ಇನ್ನ ಬರೂದಿಲ್ಲ ಅನಕೊಂಡೆ,” ಅಂದ.

ಆ ವಾರ ಮ್ಯಾನೇಜರ್ ಒಂದು ಪುಟದ ವರದಿ ಕೇಳಿದರು. ತಡಕ್ಕೆ ಕಾರಣ ಎಂಬ ಜಾಗದಲ್ಲಿ ‘ಅರ್ಜಿದಾರರ ಬೆರಳಚ್ಚಿನ ಗುಣಮಟ್ಟ’ ಎಂದು ಹಾಕಲು ಹೇಳಿದರು. ನಾನು ಹಾಕಿದೆ, ಕೆಳಗೆ ಸಹಿಯನ್ನೂ ಮಾಡಿದೆ. ಏಳರಲ್ಲಿ ಆರು ಸಕಾಲಕ್ಕೆ ಬಂದವು, ಒಳ್ಳೆಯ ಕೆಲಸ ಎಂದು ಅವರು ಎಲ್ಲರೆದುರು ಹೇಳಿದರು. ನಾನು ಥ್ಯಾಂಕ್ಯೂ ಅಂದೆ.

ಒಂದು ಭಾನುವಾರ, ಕೌಂಟರಿನಿಂದ ತಂದಿದ್ದ ಆ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ಶಹಾಡ್‌ಗೆ ಹೋದೆ. ಡೊಂಬಿವಲಿಯಿಂದ ದೂರವೇನಲ್ಲ, ಕಲ್ಯಾಣ ದಾಟಿದರೆ ಮುಂದಿನ ಸ್ಟೇಷನ್. ವಿಳಾಸವಿರಲಿಲ್ಲ, ತಂಗಿಯ ಹೆಸರೂ ಗೊತ್ತಿರಲಿಲ್ಲ. ಸ್ಟೇಷನ್ನಿನ ಹೊರಗೆ ತರಕಾರಿ ಮಾರುವ ಹೆಂಗಸರಲ್ಲಿ ಇಬ್ಬರು ಕನ್ನಡ ಮಾತಾಡುತ್ತಿದ್ದರು. ಕಾರ್ಡ್ ತೋರಿಸಿ ಕೇಳಬಹುದಿತ್ತು. ಯಾಕೆ ಹುಡುಕುತ್ತಿದ್ದೀರಿ ಎಂದು ಅವರು ಕೇಳಿಯಾರೆಂದು ಕಾರ್ಡ್ ಹೊರಗೆ ತೆಗೆಯದೆ ವಾಪಸ್ ಬಂದೆ.

ಈಗ ನಾನು ಬೇರೆ ಕಂಪನಿಯಲ್ಲಿದ್ದೇನೆ. ಕೆಲಸ ಹೆಚ್ಚುಕಡಿಮೆ ಅದೇ. ಕಾಯಬೇಕಾದ ಕೆಲಸವನ್ನು ಎಷ್ಟು ಹೊತ್ತು ಕಾಯಬೇಕು ಎಂದು ಹೊಸಬರಿಗೆ ಚೆನ್ನಾಗಿ ಹೇಳಿಕೊಡುತ್ತೇನೆ ಎಂಬ ಹೆಸರಿದೆ. ಕಲಿತದ್ದು ಅಷ್ಟು. ಆದರೆ ನನ್ನನ್ನು ಬಿಡದಿರುವುದು ಅದಲ್ಲ. ಕೆಲಸದ ಜಾಗದಲ್ಲಿ ಆ ಎರಡು ವರ್ಷಗಳಲ್ಲಿ ನಾನು ಆಡಿದ ಮೊದಲ ಪೂರ್ತಿ ಕನ್ನಡ ವಾಕ್ಯ ಶರಣಮ್ಮನವರಿಗೆ ಹೇಳಿದ ಆ ಬೆರಳಚ್ಚಿನ ಮಾತು. ಬೇರೆ ಯಾರು ಹೇಳಿದ್ದರೂ ಅವರು ಇನ್ನೂ ನಾಲ್ಕು ಮಾತು ಜಗಳವಾಡುತ್ತಿದ್ದರೇನೋ. ತಮ್ಮ ಕಡೆಯ ಹುಡುಗಿ ತಮ್ಮ ಭಾಷೆಯಲ್ಲಿ ಹೇಳಿದಳೆಂದು ಒಂದೇ ಸಲಕ್ಕೆ ನಂಬಿಬಿಟ್ಟರು. ಎಲ್ಲಿದ್ದರೂ ಅವರು ಈಗಲೂ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿರುತ್ತಾರೆ.