ಮೈಕಿನಲ್ಲಿ ಹೇಳಬಾರದಿದ್ದದ್ದು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಏನಾದರೊಂದು ಕೆಲಸ ನೆನಪಾಗಿ ಎದ್ದು ಹೋಗಿದ್ದೇನೆ. ನಿಜವಾಗಿ ಕೆಲಸ ಇರಲಿಲ್ಲ, ಏಳಲು ಒಂದು ನೆವ ಬೇಕಿತ್ತು. ಈ ವಯಸ್ಸಿನಲ್ಲಿ ಇನ್ನು ನೆವ ಹುಡುಕುತ್ತಾ ಕೂತರೆ ಹೇಳದೆಯೇ ಹೋಗುತ್ತೇನೆ.

ಮೊನ್ನೆ ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಒಬ್ಬ ನಾಟಕದ ಪೋಸ್ಟರ್ ಅಂಟಿಸುತ್ತಿದ್ದ. ಈಗೆಲ್ಲ ಫ್ಲೆಕ್ಸ್, ಕಾಗದದ ಪೋಸ್ಟರ್ ಕಾಣಸಿಗುವುದೇ ಅಪರೂಪ. ಮೈದಾ ಕಾಯಿಸಿ, ದನಗಳು ನೆಕ್ಕದಿರಲೆಂದು ಮೈಲುತುತ್ತು ಬೆರೆಸಿದ ಆ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಶಿರ್ತಾಡಿ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಯಾವುದೋ ಸಿನಿಮಾದ ಸುದ್ದಿ ಮಾತಾಡುತ್ತಿದ್ದರು.

"ಕಾಮಿಡಿ ಅಂತ ಹೋದದ್ದು ಮಾರಾಯ್ತಿ. ನೋಡಿದ್ರೆ ಬರೀ ಆಸ್ಪತ್ರೆ, ಸಾವು. ದಂಡ!"

"ಅಳುವ ಪಿಚ್ಚರ್ ಅಂತ ಮೊದಲೇ ಹೇಳಿದ್ರೆ ನಾವೂ ಅಳ್ಲಿಕ್ಕೆ ರೆಡಿಯಾಗಿ ಹೋಗ್ತಿದ್ದೆವು" ಎಂದು ಇನ್ನೊಬ್ಬಾಕೆ ನಕ್ಕಳು.

ಬಸ್ಸು ಬಂದು ಹೋದರೂ ನಾನು ಹತ್ತಲಿಲ್ಲ...

ಆ ಕಾಲದಲ್ಲಿ ನಾನು ಪೇಟೆಯ ಟಾಕೀಸಿನ ಪ್ರಚಾರದವ. ಬೆಳಗ್ಗೆ ಪೋಸ್ಟರ್ ಅಂಟಿಸುವುದು, ಆಮೇಲೆ ಬಾಡಿಗೆ ಜೀಪಿನಲ್ಲಿ ಮೈಕ್ ಹಿಡಿದು ಶಿರ್ತಾಡಿ, ನಾರಾವಿಯ ತನಕ ಕೂಗಿಕೊಂಡು ಹೋಗುವುದು. "ಮರೆಯದಿರಿ, ಮರೆತು ನಿರಾಶರಾಗದಿರಿ" ಎಂದು ನಾನು ಎಳೆದು ಹೇಳಿದರೆ ಗದ್ದೆಯಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ನಿಂತು ಕೇಳುತ್ತಿದ್ದರು. ಹೈಸ್ಕೂಲು ಮುಗಿಸಿದ್ದೇನೆ, ಸ್ವಚ್ಛ ಕನ್ನಡ ಬರುತ್ತದೆ ಎಂಬ ಜಂಬ ನನಗಿತ್ತು. ಜನ ಏನನ್ನು ನೋಡಲಿಕ್ಕೆ ಬರುತ್ತಾರೆಂಬುದು ನನ್ನ ಬಾಯಲ್ಲಿದೆ ಎಂದೂ ತಿಳಿದಿದ್ದೆ. ಅದು ಎಂಥ ಅಪಾಯದ ವಸ್ತು ಎಂದು ಮಾತ್ರ ತಿಳಿದಿರಲಿಲ್ಲ.

ತೋಡಾರಿನಲ್ಲಿ ನಮ್ಮ ಪಕ್ಕದ ಮನೆಯವರು ತುಳು ನಾಟಕದ ಹಾಸ್ಯ ಪಾತ್ರಧಾರಿ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರದ್ದೊಂದು ಸೀನು ಊರಿಗೆಲ್ಲ ಪ್ರಸಿದ್ಧವಾಗಿತ್ತು. ನಾಟಕದ ನಡುವೆ ಸೀನು ಬಂದಂತಾಗಿ ಮುಖ ಮುದುಡುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ಸಭೆ ಉಸಿರು ಹಿಡಿದು ಕಾಯುತ್ತದೆ. ಆಮೇಲೆ ಮೆಲ್ಲ ಕಣ್ಣು ಬಿಟ್ಟು, "ಬತ್ತ್‌ಜಿ ಮಾರಾಯ್ರೆ" ಅನ್ನುವರು. ಬರಲಿಲ್ಲ ಅಂತ. ಅಷ್ಟಕ್ಕೇ ಜನ ಬಿದ್ದು ಬಿದ್ದು ನಗುತ್ತಿದ್ದರು. ಮದುವೆ ಮನೆಯಲ್ಲಿ ಅವರು ಊಟಕ್ಕೆ ಕೂತರೂ ಎದುರಿನ ಪಂಕ್ತಿಯವರು ಆ ಮುಖವನ್ನೇ ನೋಡುತ್ತಾ ಕಾಯುವರು.

ಅವರಿಗೆ ಒಂದು ತುಳು ಸಿನಿಮಾದಲ್ಲಿ ತಂದೆಯ ಪಾತ್ರ ಸಿಕ್ಕಿತು. ದೋಣಿ ನಡೆಸುವವನ ಮಗಳು ನೆರೆಯಲ್ಲಿ ಕೊಚ್ಚಿಹೋಗುವ ಕಥೆ. ನಗಿಸುವ ಒಂದು ಮಾತೂ ಅದರಲ್ಲಿರಲಿಲ್ಲ. ಬಿಡುಗಡೆಗೆ ಮೊದಲು ಅಣ್ಣ ನನ್ನನ್ನು ಜಗಲಿಗೆ ಕರೆದು ಕೂರಿಸಿದರು.

"ನೋಡು ಮಾರಾಯ, ನೀನು ಮೈಕಿನಲ್ಲಿ ಕುಶಾಲು ಗಿಶಾಲು ಅಂತ ಹೇಳುವುದು ಬೇಡ. ಹೆಸರು ಹೇಳು, ಟೈಮು ಹೇಳು, ಸಾಕು. ಒಂದು ಸಲ ಜನ ನನ್ನನ್ನು ನೋಡಿ ಸುಮ್ಮನೆ ಕೂತುಕೊಳ್ಳಬೇಕು. ಮತ್ತೆ ಬೇಕಾದ್ರೆ ಸಾಯುವವರೆಗೂ ನಗಿಸ್ತೇನೆ."

"ನಿಮ್ಮನ್ನು ನೋಡಿ ನಾನೇ ಸುಮ್ಮನೆ ಕೂರುವುದಿಲ್ಲ, ಇನ್ನು ಊರಿನವರು!" ಎಂದು ಒಳಗಿನಿಂದ ಅವರ ಹೆಂಡತಿ ಹೇಳಿದರು. ಮೂವರೂ ನಕ್ಕೆವು. ಆದರೆ ಅಣ್ಣ ನನ್ನ ಕೈ ಬಿಟ್ಟಿರಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮೂಡುಬಿದಿರೆಯಲ್ಲಿ ಶುಕ್ರವಾರ ಸಿನಿಮಾ ತೆರೆಗೆ ಬಂತು. ಹಾಲ್ ಖಾಲಿ ಹೊಡೆಯುತ್ತಿತ್ತು. ಆದಿತ್ಯವಾರವೂ ಹೀಗೇ ಆದರೆ ಸೋಮವಾರ ತೆಗೆಯುವುದೇ ಎಂದು ಮ್ಯಾನೇಜರರು ಹೇಳಿದರು. ಶನಿವಾರ ಜೀಪು ಹತ್ತಿದೆ. ಶಿರ್ತಾಡಿ ಪೇಟೆಯಲ್ಲಿ ಹೆಸರು ಹೇಳಿದೆ, ಟೈಮು ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಆಗ ನನ್ನ ಗಂಟಲಿನಿಂದ ಆ ಸೀನಿನ ಸದ್ದು ಹೊರಟಿತು. ಅಣ್ಣನ ಹಾಗೆಯೇ ಎಳೆದು, ತಡೆದು, "ಬತ್ತ್‌ಜಿ ಮಾರಾಯ್ರೆ" ಅಂದೆ. ಅಂಗಡಿಗಳಿಂದ ಜನ ಹೊರಗೆ ಬಂದರು. "ಹೊಟ್ಟೆ ಹುಣ್ಣಾಗುವಷ್ಟು ನಗು! ಸಂಸಾರ ಸಮೇತ ಬನ್ನಿ!" ಎಂದೆ. ಅಣ್ಣನಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಜನ ನನ್ನ ಮೈಕಿಗೆ ತಿರುಗಿದ್ದು ನನಗೆ ಹಿತವಾಗಿತ್ತು. ನಾರಾವಿ ತನಕ ದಾರಿಯುದ್ದಕ್ಕೂ ಸೀನಿದೆ.

ಆದಿತ್ಯವಾರ ಹಾಲ್ ತುಂಬಿತು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹೆಂಡತಿಯ ಜೊತೆ ಹಿಂದಿನ ಸಾಲಿನಲ್ಲಿ ಕುಳಿತರು. "ಜನ ಬಂದರಲ್ಲ ಮಾರಾಯ" ಎಂದು ನನ್ನ ಬೆನ್ನು ತಟ್ಟಿದರು. ನಾನು ಬಾಗಿಲ ಪರದೆಯ ಹತ್ತಿರ ನಿಂತೆ.

ಪರದೆಯ ಮೇಲೆ ಅವರ ಮುಖ ಬಂದದ್ದೇ ತಡ, ಹಾಲ್ ನಕ್ಕಿತು. ಅವರು ಹುಟ್ಟು ಹಾಕಿದರೆ ನಗು. ಅನ್ನ ಕಲಸಿದರೆ ನಗು. ಮಗಳು ನೀರಿಗೆ ಬಿದ್ದಾಗ ಒಂದು ಕ್ಷಣ ನಿಂತಿತು, ಆಗ ನನಗೆ ಸ್ವಲ್ಪ ಜೀವ ಬಂತು. ಆದರೆ ಮುಂದಿನದ್ದು ನನಗೆ ಗೊತ್ತಿತ್ತು. ತಂದೆ ದಡದಲ್ಲಿ ಒಬ್ಬನೇ ನಿಲ್ಲುತ್ತಾನೆ. ಅಳು ಒತ್ತಿ ಬಂದು ಮುಖ ಮುದುಡುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ... ಇಡೀ ಹಾಲ್ ಉಸಿರು ಹಿಡಿದು ಕಾಯುತ್ತಿತ್ತು. ಎಲ್ಲರೂ ಯಾವುದಕ್ಕೆ ಕಾಯುತ್ತಿದ್ದಾರೆಂದು ಆ ಕತ್ತಲಲ್ಲಿ ತಿಳಿದದ್ದು ನನಗೊಬ್ಬನಿಗೇ.

"ಬತ್ತ್‌ಜಿ!" ಎಂದು ಮುಂದಿನಿಂದ ಯಾರೋ ಕೂಗಿದರು. ನಗು ಗೋಡೆಗೆ ಅಪ್ಪಳಿಸಿತು. ಮಗಳ ಹೆಣ ಎತ್ತಿಕೊಂಡು ಬರುವಾಗಲೂ ಅದು ನಿಲ್ಲಲಿಲ್ಲ.

ಸಿನಿಮಾ ಬಿಟ್ಟ ಮೇಲೆ ಗೇಟಿನ ಹತ್ತಿರ ಜನ ಅವರನ್ನು ಸುತ್ತಿಕೊಂಡರು. ಅರ್ಧ ಜನಕ್ಕೆ ಸಿಟ್ಟು. "ಏನು ಅಣ್ಣೆರೆ, ಕುಶಾಲು ಅಂತ ಕರೆದು ಹೆಣ ತೋರಿಸಿದಿರಲ್ಲ! ಒಂದು ಸೀನಾದ್ರೂ ಹಾಕಿ, ಟಿಕೇಟಿನ ದುಡ್ಡು ಹುಟ್ಟಲಿ" ಎಂದ ಒಬ್ಬ. ಅಣ್ಣ ಸುತ್ತ ನೋಡಿದರು. ದಾರಿ ಇರಲಿಲ್ಲ. ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿ, ಸೀನು ಹಾಕಿದರು. ಜನ ಚಪ್ಪಾಳೆ ತಟ್ಟಿ ದಾರಿ ಬಿಟ್ಟರು.

ನಾನು ಮೈಕಿನಲ್ಲಿ ಏನು ಹೇಳಿದ್ದೆನೆಂದು ಅವರಿಗೆ ಯಾರೂ ಹೇಳಲಿಲ್ಲ. ಜೀಪು ತೋಡಾರಿನ ಕಡೆ ಬಂದಿರಲಿಲ್ಲ, ಬರದ ಹಾಗೆ ನಾನೇ ನೋಡಿಕೊಂಡಿದ್ದೆ. ಗೇಟಿನಲ್ಲಿ ಆ ಮನುಷ್ಯ "ಕರೆದು" ಅಂದದ್ದನ್ನು ಅವರು, ಪೋಸ್ಟರಿನಲ್ಲಿ ತಮ್ಮ ಮುಖ ನೋಡಿ ಬಂದವರ ಮಾತು ಎಂದುಕೊಂಡಿರಬೇಕು.

ಅದೇ ಸಿನಿಮಾ ಮುಂದೆ ಬೆಳ್ತಂಗಡಿಗೆ ಹೋಯಿತು. ಅಲ್ಲಿಯ ಪ್ರಚಾರಕ್ಕೂ ನನ್ನನ್ನೇ ಕಳಿಸಿದರು. ಈ ಸಲ ಸೀನುವ ಧೈರ್ಯ ಬರಲಿಲ್ಲ. "ಇದು ನಗುವ ಚಿತ್ರ ಅಲ್ಲ, ಒಂದು ಮಗುವನ್ನು ಕಳೆದುಕೊಂಡ ಮನೆಯ ಕಥೆ" ಎಂದಷ್ಟೇ ಹೇಳಿದೆ. ಸ್ವಲ್ಪವೇ ಜನ ಬಂದರು. ದಡದ ದೃಶ್ಯ ಬಂದಾಗ ನಾನು ಕಿವಿ ಮುಚ್ಚಿಕೊಂಡೆ. ಕೈ ತೆಗೆದರೆ ಏನೂ ಸದ್ದಿಲ್ಲ. ಅದೇ ಮುಖ, ಅದೇ ಮೂಗು, ಅದೇ ಅರ್ಧ ಮುಚ್ಚಿದ ಕಣ್ಣು. ಒಬ್ಬ ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದ. ದೀಪ ಹಾಕಿದ ಮೇಲೂ ಒಬ್ಬ ಮುದುಕಿ ಕುರ್ಚಿ ಬಿಟ್ಟು ಏಳಲಿಲ್ಲ.

ಅಣ್ಣ ಕೇಳಿಕೊಂಡದ್ದು ಇದನ್ನೇ. ಇದನ್ನು ನೋಡಿದವನು ನಾನು.

ಊರಿಗೆ ಬಂದವನು ನೇರ ಅವರ ಜಗಲಿ ಹತ್ತಿದೆ. ಅವರು ಬೈರಾಸನ್ನು ಮೂಗಿನ ತನಕ ಸುತ್ತಿಕೊಂಡು ಕೂತಿದ್ದರು.

"ಬೆಳ್ತಂಗಡಿಯಲ್ಲಿಯೂ ನಕ್ಕರಾ?"

ಇಲ್ಲ ಎಂದರೆ, ಹಾಗಾದರೆ ಇಲ್ಲಿ ಯಾಕೆ ನಕ್ಕರು ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆ ನನ್ನಲ್ಲಿ ಒಂದೇ ಉತ್ತರ ಇತ್ತು. "ಗೊತ್ತಿಲ್ಲ ಅಣ್ಣ. ನಾನು ಒಳಗೆ ಹೋಗಲಿಲ್ಲ" ಎಂದೆ.

"ನಕ್ಕಿರ್ತಾರೆ" ಎಂದರು. "ಅವರದ್ದು ತಪ್ಪಲ್ಲ. ನನ್ನ ಮುಖವೇ ಹಾಗೆ ಉಂಟಲ್ಲ."

ಆಮೇಲೆ ಅವರು ಬಣ್ಣ ಹಚ್ಚಲಿಲ್ಲ. ಎದುರಿಗೆ ಯಾರಾದರೂ ಬಂದರೆ ಬೈರಾಸಿನಿಂದ ಮುಖದ ಅರ್ಧ ಮುಚ್ಚಿ ಮಾತಾಡುವರು. ಮನೆಯಲ್ಲಿ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಿದ್ದಾರೆಂದು ಅವರ ಹೆಂಡತಿ ನನ್ನ ಹತ್ತಿರ ಹೇಳಿದರು. "ನೀನಾದ್ರೂ ಬುದ್ಧಿ ಹೇಳು, ನಿನ್ನ ಮಾತು ಕೇಳ್ತಾರೆ" ಎಂದರು. ನಾನು ಹೂಂ ಎಂದೆ. ವರ್ಷಗಟ್ಟಲೆ ಹೂಂ ಎನ್ನುತ್ತಲೇ ಇದ್ದೆ... ಅವರ ಗೇಟು ದಾಟಬೇಕಾದಾಗ ಸೈಕಲ್ಲಿನ ಬೆಲ್ಲು ಬಾರಿಸದೆ ಹೋಗುವುದನ್ನು ಕಲಿತೆ.

ಅವರು ತೀರಿಕೊಂಡ ದಿನ ಅಂಗಳದಲ್ಲಿ ಮಲಗಿಸಿದ್ದರು. ಕಡೆಗಾಲದಲ್ಲಿ ತುಂಬ ನರಳಿದ್ದರಂತೆ, ಮುಖ ಮುದುಡಿತ್ತು, ಕಣ್ಣು ಅರ್ಧ ತೆರೆದಿತ್ತು. ಬಂದವರು ನೋಡುತ್ತಾ ನಿಂತರು. ಅಂಗಳ ಇದ್ದಕ್ಕಿದ್ದಂತೆ ತೀರ ನಿಶ್ಶಬ್ದವಾಯಿತು. ಹಿಂದೆ ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿದ ಸದ್ದು. ನಾನು ತಿರುಗಿ ಬೈಯಬೇಕಿತ್ತು. ತಿರುಗಲಿಲ್ಲ. ನಾನೂ ಆ ಮುಖ ನೋಡುತ್ತಾ ಕಾಯುತ್ತಿದ್ದೆ. ನನ್ನ ತುಟಿಯೂ ನಗುವಿಗೆ ಎಳೆದಿತ್ತು. ತಲೆಯ ಹತ್ತಿರ ಕೂತಿದ್ದ ಅವರ ಹೆಂಡತಿ ಅದನ್ನು ನೋಡಿದರು.

ಆ ಸಿನಿಮಾದ ಪ್ರತಿ ಈಗ ಎಲ್ಲಿಯೂ ಉಳಿದಿಲ್ಲ. ಬೆಳ್ತಂಗಡಿಯ ಆ ಹಾಲೂ ಇಲ್ಲ. ಅಲ್ಲಿ ಜನ ಸುಮ್ಮನೆ ಕೂತಿದ್ದರು ಎಂಬುದಕ್ಕೆ ಇನ್ನು ನನ್ನ ಮಾತೊಂದೇ ಸಾಕ್ಷಿ, ನನ್ನ ಮಾತಿಗೆ ಎಷ್ಟು ಬೆಲೆಯೆಂದು ಇದನ್ನು ಓದಿದವರಿಗೆ ಗೊತ್ತು. ಅಣ್ಣ ಹೋಗಿ ಬಹಳ ಕಾಲವಾಯಿತು. ಬಂಟ್ವಾಳದಲ್ಲಿ ಮಗಳ ಮನೆಯಲ್ಲಿ ಒಬ್ಬರು ಇನ್ನೂ ಇದ್ದಾರೆ. ಗಂಡನ ಮುಖದಲ್ಲೇ ಏನೋ ದೋಷವಿತ್ತೆಂದು ಇವತ್ತಿಗೂ ನಂಬಿಕೊಂಡಿರುವವರು. ಬಸ್ಸಿನಲ್ಲಿ ಹೋದರೆ ಬಹಳ ದೂರವೇನೂ ಇಲ್ಲ, ಆದರೂ ನಾನು ಹೋಗಿ ತಪ್ಪಾಯಿತೆಂದು ಹೇಳಿಲ್ಲ. ಅವರು ಅಣ್ಣನ ಹೆಂಡತಿ, ನನ್ನ ಅತ್ತಿಗೆ.